ಹದಿನೈದು ಅಂಕ

"ನಿಮ್ಮ ಗಾಡಿ ಎಷ್ಟು ಗಂಟೆಗೆ?" ಎಂದು ಅಮ್ಮ ಕೇಳಿದಳು.

ಮೇಜಿನ ಆಚೆ ಕೂತಿದ್ದ ಮಹಿಳಾ ಅಧಿಕಾರಿ ಫಾರ್ಮಿನಿಂದ ತಲೆ ಎತ್ತಿ ನಕ್ಕರು. "ನಾನು ರೈಲಲ್ಲಿ ಬಂದಿಲ್ಲ ಅಮ್ಮಾ, ಸ್ಕೂಟರಲ್ಲಿ ಬಂದೆ."

"ಒಳ್ಳೇದೇ ಮಾಡಿದ್ರಿ. ರೈಲು ನಂಬಿ ಊಟ ಬಿಟ್ಟು ಹೊರಟೋರು ಉಪವಾಸವೇ ಬಿದ್ರು. ಮೂವತ್ತೊಂದು ವರ್ಷ ಆ ಕಿಟಕೀಲಿ ಕೂತೋಳು ಹೇಳ್ತಿದೀನಿ, ಕೇಳಿ."

ಅಧಿಕಾರಿ ಇನ್ನೂ ಗಟ್ಟಿಯಾಗಿ ನಕ್ಕರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಮಗಳಿಗೆ ನಗು ಬರಲಿಲ್ಲ.

ಅಮ್ಮ ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ ಮಾಡಿದವಳು. ಕೂಲಿಯವರಿಂದ ಹಿಡಿದು ಸ್ಟೇಷನ್ ಮಾಸ್ತರರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ವಿಚಾರಣೆಯಮ್ಮ ಎಂದೇ. ಕಿಟಕಿಯ ಆಚೆ ನಿಂತವರಿಗೆ 'ಗೊತ್ತಿಲ್ಲ' ಅನ್ನಬಾರದು ಎನ್ನುವುದು ಅವಳೇ ಮಾಡಿಕೊಂಡ ಕಾನೂನು. ಈಗಲೂ ಅಷ್ಟೇ. ಎದುರಿಗೊಂದು ಹೊಸ ಮುಖ, ನಡುವೆ ಒಂದು ಮೇಜು, ಆ ಕಡೆಯಿಂದ ಒಂದು ಪ್ರಶ್ನೆ, ಇಷ್ಟಿದ್ದರೆ ಸಾಕು. ಎರಡು ವರ್ಷದಿಂದ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿದ್ದ ತಲೆ ಅರ್ಧ ಗಂಟೆಯ ಮಟ್ಟಿಗೆ ಗಂಟು ಹಾಕಿಕೊಂಡು ನೆಟ್ಟಗೆ ಕೂರುತ್ತಿತ್ತು. ಇದೇ ಅಮ್ಮ ಆ ದಿನ ಬೆಳಗ್ಗೆ ದಿಂಬಿನ ಚೀಲದೊಳಗೆ ಎರಡೂ ಕಾಲು ತೂರಿಸಿಕೊಂಡು, "ಇದನ್ನ ಯಾವಳೇ ಹೊಲಿದದ್ದು?" ಎಂದು ಮಗಳ ಕೆನ್ನೆಗೆ ಬಾರಿಸಿದ್ದಳು.

ಆ ಕೆನ್ನೆಗೆ ಮಗಳು ಪೌಡರು ಹಚ್ಚಿಕೊಂಡು ನಿಂತಿದ್ದಳು.

ಪೌಡರು ಒಂದೇ ಅಲ್ಲ. ನೆಲ ಎರಡು ಸಲ ಒರೆಸಿದ್ದಳು. ಹಾಸಿಗೆಯ ಕೆಳಗಿನ ಪ್ಲಾಸ್ಟಿಕ್ ಹಾಳೆ ಮಡಚಿ ಬೀರುವಿನ ಹಿಂದೆ ತಳ್ಳಿದ್ದಳು. ಅಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಇಸ್ತ್ರಿ ಬಟ್ಟೆ ಉಡಿಸಿ, ಮದುವೆಗೆ ಹೊರಟವಳಂತೆ ತಯಾರು ಮಾಡಿದ್ದಳು. ಹಿಂದಿನ ದಿನ ಅಣ್ಣ ಫೋನಿನಲ್ಲಿ, "ಸರ್ಕಾರದೋರು ಬರ್ತಾರೆ, ಮನೆ ಮನೆಯ ಹಾಗಿರ್ಲಿ. ಆ ಬಾತ್‌ರೂಮ್ ಬಾಗಿಲಿಗೆ ಕೆಂಪು ಕಾಗದ ಅಂಟಿಸಿದೀಯಲ್ಲ, ಹುಚ್ಚಾಸ್ಪತ್ರೆ ಥರ, ಮೊದಲು ಅದನ್ನ ಕಿತ್ತು ಹಾಕು" ಎಂದಿದ್ದ. ಆ ಕಾಗದ ಇದ್ದರೆ ಮಾತ್ರ ಅಮ್ಮನಿಗೆ ಬಚ್ಚಲುಮನೆ ಗೊತ್ತಾಗುವುದು. ಆರು ತಿಂಗಳಿಗೊಮ್ಮೆ ಬಂದು ಹಣ್ಣಿನ ಬುಟ್ಟಿ ಇಟ್ಟು ಹೋಗುವವನಿಗೆ ಅದೆಲ್ಲ ಹೇಗೆ ತಿಳಿಯಬೇಕು? ಆದರೂ ಅವಳು ಕಿತ್ತಿದ್ದಳು. ಅಂಟಿನ ಗುರುತನ್ನೂ ಉಗುರಿನಲ್ಲಿ ಕೆರೆದು ತೆಗೆದಿದ್ದಳು. ಅವಳ ಹಣೆಬರಹವೇ ಅಷ್ಟು, ಯಾರಾದರೂ ಬರುತ್ತಾರೆ ಅಂದರೆ ಸಾಕು, ಪರೀಕ್ಷೆಗೆ ಕೂರುವ ಹುಡುಗಿಯ ಹಾಗೆ ಕೈಕಾಲು ತಣ್ಣಗಾಗಿಬಿಡುತ್ತಿತ್ತು.

ಪರೀಕ್ಷೆಯೇ ಆಗಿತ್ತು, ಆದರೆ ತಿರುವುಮುರುವು. ಮೂವತ್ತು ಪ್ರಶ್ನೆ. ಅಮ್ಮ ತಪ್ಪಿದಷ್ಟೂ ಅಂಕ, ತಪ್ಪು ದೊಡ್ಡದಾದಷ್ಟೂ ಹೆಚ್ಚು. ಹದಿನೈದು ಅಂಕ ಬಂದರೆ, ಮರೆವಿನ ಕಾಯಿಲೆಯವರಿಗೆಂದು ನಡೆಸುವ ಹಗಲು ಮನೆಯಲ್ಲಿ ವಾರಕ್ಕೆ ಮೂರು ದಿನ ಜಾಗ. ಬಾರದಿದ್ದರೆ ಇಲ್ಲ. ಮಗಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ನಿದ್ದೆಗೆಟ್ಟ ಕಣ್ಣಲ್ಲಿ ಹೋದ ತಿಂಗಳು ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದ್ದಳು, ಒಂದಲ್ಲ, ಮೂರು ಸಲ. "ಈ ತಿಂಗಳ ಕೊನೆವರೆಗೆ ನೋಡ್ತೀನಮ್ಮ, ಆಮೇಲೆ ನನ್ನನ್ನ ತಪ್ಪು ತಿಳ್ಕೋಬೇಡ" ಎಂದು ಮಾಲೀಕ ಹೇಳಿಯಾಗಿತ್ತು.

"ಇವತ್ತು ಯಾವ ವಾರ ಅಮ್ಮಾ?"

"ನಿಮ್ಮ ಕಚೇರಿ ತೆರೆದಿದೆ ಅಂದ್ಮೇಲೆ ಭಾನುವಾರ ಅಂತೂ ಅಲ್ಲ."

"ಊಟ ನೀವೇ ಮಾಡ್ತೀರಾ?"

"ಯಾಕೆ, ನಿಮಗೆ ಬೇರೆಯೋರು ತುತ್ತು ಇಡ್ತಾರಾ? ಪುಣ್ಯ ಮಾಡಿದ್ರಿ ಬಿಡಿ."

ಅಧಿಕಾರಿ ನಗುತ್ತಲೇ ಸೊನ್ನೆ ಬರೆದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಅಮ್ಮ ಪ್ರತಿ ಪ್ರಶ್ನೆಯಿಂದಲೂ ಜಾರಿಕೊಳ್ಳುತ್ತಿದ್ದಳು. ಒಂದಕ್ಕೂ ಉತ್ತರ ಹೇಳಿರಲಿಲ್ಲ. ಅದು ಅಧಿಕಾರಿಗೆ ಕಾಣಿಸುತ್ತಿರಲಿಲ್ಲ.

"ಸರಿ, ಇವರು ಯಾರು?" ಪೆನ್ನು ಮಗಳ ಕಡೆ ತಿರುಗಿತು.

ಅಮ್ಮ ತಿರುಗಿ ನೋಡಿದಳು. ಮರೆತಿರಲಿ ಎಂದು ಮಗಳು ಬಯಸಿದಳು, ಬಯಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಮ್ಮ ಪುಟ್ಟಿ. ಗಾಬರಿ ಸ್ವಭಾವ, ಪಾಪ. ನಾನಿರೋದಕ್ಕೆ ಹೇಗೋ ಸಂಭಾಳಿಸ್ಕೊಂಡು ಹೋಗ್ತಿದೀನಿ."

"ಇದೆಲ್ಲ ನಾಟಕ ಮೇಡಂ!" ಮಗಳ ಬಾಯಿಂದ ಮಾತು ಹಾರಿತು. "ನೀವು ಆಚೆ ಹೋದ ಮರುಕ್ಷಣ ಇವಳಿಗೆ ನಾನ್ಯಾರು ಅಂತಾನೂ ಗೊತ್ತಿರಲ್ಲ."

ಅಧಿಕಾರಿಯ ಮುಖದಿಂದ ನಗು ಇಳಿಯಿತು. "ಅವರ ಎದುರಿಗೇ ಹೀಗೆ ಮಾತಾಡಬಾರದು ಮೇಡಂ. ನಮಗೆ ತರಬೇತೀಲಿ ಹೇಳ್ಕೊಟ್ಟಿದಾರೆ. ಅವರಿಗೂ ಒಂದು ಘನತೆ ಇರುತ್ತೆ."

ಫೈಲಿನ ರಟ್ಟಿನ ಮೇಲೆ ನೀಲಿ ಅಕ್ಷರದಲ್ಲಿ ಅಚ್ಚಾಗಿತ್ತು: ವ್ಯಕ್ತಿಯೇ ಕೇಂದ್ರ, ಕುಟುಂಬಕ್ಕೆ ಆಸರೆ. ಒಳಗಿನ ಮೂವತ್ತು ಪ್ರಶ್ನೆಗಳಲ್ಲಿ ಅಮ್ಮ ಏನು ಕೆಲಸ ಮಾಡುತ್ತಿದ್ದಳು, ಯಾವುದಕ್ಕೆ ಹೆದರುತ್ತಾಳೆ, ಯಾವ ಮಾತಿಗೆ ಸಮಾಧಾನವಾಗುತ್ತಾಳೆ ಎನ್ನುವ ಒಂದೂ ಇರಲಿಲ್ಲ. ಮಗಳ ಬಗ್ಗೆ ಇದ್ದುದು ಹೆಸರು, ಸಂಬಂಧ, ಸಹಿ.

ಅಧಿಕಾರಿ ಕೂಡಿಸಿದರು. "ಏಳು ಅಂಕ. ಸಂತೋಷ ಪಡಬೇಕು ನೀವು. ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಿ. ಎಷ್ಟು ಚೆನ್ನಾಗಿ ನೋಡ್ಕೊಂಡಿದೀರಿ! ನಿಮ್ಮಂಥ ಮಗಳು ಎಲ್ಲರಿಗೂ ಸಿಗಲ್ಲ."

ಈ ಮಾತನ್ನು ಅವಳು ಮೆಟ್ಟಿಲಿನ ಮೇಲೆ, ಔಷಧಿ ಅಂಗಡಿಯಲ್ಲಿ, ಅತ್ತಿಗೆಯ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದ್ದಳು. ಹೊಗಳಿದವರು ಯಾರೂ ಒಂದು ಗಂಟೆ ಬಂದು ಕೂತವರಲ್ಲ.

"ಚೆನ್ನಾಗಿ ನೋಡ್ಕೊಂಡಿದ್ದೇ ತಪ್ಪಾಯ್ತಾ? ರಾತ್ರಿ ನಾಲ್ಕು ಸಲ ಏಳಿಸ್ತಾಳೆ. ಹೋದ ವಾರ ಗ್ಯಾಸ್ ಹಚ್ಚದೆ ತಿರುಗಿಸಿಟ್ಟಿದ್ಲು. ನಾನು ಸ್ನಾನಕ್ಕೆ ಹೋದ್ರೂ ಬಾಗಿಲು ತೆರೆದಿಟ್ಟುಕೊಂಡು ಸ್ನಾನ ಮಾಡ್ತೀನಿ. ಇದನ್ನೆಲ್ಲ ಎಲ್ಲಿ ಬರೀತೀರಿ?"

"ಅದಕ್ಕೆ ಕಾಲಂ ಇಲ್ಲ ಮೇಡಂ." ಅಧಿಕಾರಿಯ ದನಿ ಒರಟಾಗಿರಲಿಲ್ಲ, ದಣಿದಿತ್ತು. "ಹೇಳಿದ್ದನ್ನ ಬರೆಯೋ ಹಾಗಿಲ್ಲ. ಕಣ್ಣಾರೆ ಕಂಡದ್ದನ್ನ ಮಾತ್ರ. ಬೆಳಗ್ಗೆಯಿಂದ ಇದು ನಾಲ್ಕನೇ ಮನೆ. ಎಲ್ಲರೂ ಹೇಳ್ತಾರೆ."

"ಕಾಣಬೇಕಾ?"

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು.

ಮಗಳು ಗಡಿಯಾರ ನೋಡಿದಳು. ಅಮ್ಮ ಬಚ್ಚಲುಮನೆಗೆ ಹೋಗಿ ಎರಡು ಗಂಟೆಯ ಮೇಲಾಗಿತ್ತು. ಸ್ವಲ್ಪ ಹೊತ್ತಿನ ಮುಂಚೆಯೇ ಅಮ್ಮ ಕುರ್ಚಿಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿಯುತ್ತಿದ್ದುದನ್ನು ಅವಳು ಗಮನಿಸಿದ್ದಳು. ಬೇರೆ ದಿನವಾಗಿದ್ದರೆ ಕೈ ಹಿಡಿದು ಕರೆದೊಯ್ಯುತ್ತಿದ್ದಳು.

"ಅಮ್ಮಾ," ಎಂದಳು. "ಇವರು ಬಾತ್‌ರೂಮು ಎಲ್ಲಿ ಅಂತ ಕೇಳ್ತಿದಾರೆ. ತೋರಿಸು."

ಅಮ್ಮ ಕೂಡಲೇ ಎದ್ದಳು. ಯಾರೋ ದಾರಿ ಕೇಳಿದ್ದರು, ಅವಳ ಕೆಲಸ ಅದು. "ಬನ್ನಿ ಬನ್ನಿ, ಇಲ್ಲೇ." ನೇರವಾಗಿ ಹಜಾರ ದಾಟಿ ಹೋಗಿ ಗೋಡೆಯ ಕಪಾಟಿನ ಬಾಗಿಲು ತೆಗೆದಳು. ಪೊರಕೆ, ಬಕೀಟು, ಹಳೆಯ ಪೇಪರಿನ ಕಟ್ಟು. ಒಂದು ಗಳಿಗೆ ನೋಡಿದಳು. ಮೆಲ್ಲಗೆ ಬಾಗಿಲು ಮುಚ್ಚಿದಳು.

"ಇದು ರಿಪೇರಿಯಲ್ಲಿದೆ. ತೊಂದರೆಗೆ ವಿಷಾದಿಸುತ್ತೇವೆ."

ಅಧಿಕಾರಿಗೆ ನಗು ಬಂದು ತುಟಿಯಲ್ಲೇ ನಿಂತಿತು.

"ಇನ್ನೊಂದು ಎಲ್ಲಿದೆ ಅಮ್ಮಾ?" ಎಂದಳು ಮಗಳು.

ಅಮ್ಮ ಮಲಗುವ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಮಂಚ, ಬೀರು, ಕನ್ನಡಿ. "ಇದು ಸಿಬ್ಬಂದಿಗೆ ಮಾತ್ರ," ಎಂದಳು. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಒಂದು ಕೈ ಹೊಟ್ಟೆಯ ಕೆಳಗೆ ಹೋಗಿತ್ತು.

"ಸಾಕು ಮೇಡಂ," ಎಂದರು ಅಧಿಕಾರಿ.

"ಸಾಕಾ? ಈಗ ಎಷ್ಟಾಯ್ತು?"

ಅಧಿಕಾರಿ ಫಾರ್ಮಿನಲ್ಲಿ ಎರಡು ಕಡೆ ತಿದ್ದಿ ಕೂಡಿಸಿದರು. "ಹನ್ನೊಂದು."

"ಹಾಗಾದ್ರೆ ಸಾಕಾಗಿಲ್ಲ." ಮಗಳ ದನಿ ಅವಳಿಗೇ ಬೇರೆ ಯಾರದ್ದೋ ಅನ್ನಿಸಿತು. ಎರಡು ವರ್ಷದ ನಿದ್ದೆಗೇಡು, ಅಣ್ಣನ ಹಣ್ಣಿನ ಬುಟ್ಟಿ, ಊರವರ ಹೊಗಳಿಕೆ, ಎಲ್ಲ ಸೇರಿ ಒಂದೇ ಮಾತಾಗಿ ಹೊರಬಿತ್ತು. "ಅಮ್ಮಾ! ಬಾತ್‌ರೂಮು ಎಲ್ಲಿ ಅಂತ ಕೇಳ್ದೆ. ನಿನ್ನ ಮನೆ ತಾನೇ ಇದು? ಹೇಳು, ಎಲ್ಲಿ?"

ಅಮ್ಮ ಗೋಡೆಗೆ ಅಂಗೈ ಊರಿದಳು. ಬಚ್ಚಲುಮನೆಯ ಬಾಗಿಲು ಅವಳ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು, ಬೆಳ್ಳಗೆ, ಚೊಕ್ಕಟವಾಗಿ. ಅದನ್ನು ನೋಡಿದಳು, ಅಧಿಕಾರಿಯನ್ನು ನೋಡಿದಳು, ಮಗಳನ್ನು ನೋಡಿದಳು. ತುಟಿ ಎರಡು ಮೂರು ಸಲ ಅಲುಗಿತು.

"ಗೊತ್ತಿಲ್ಲ," ಎಂದಳು.

ಮೂವತ್ತೊಂದು ವರ್ಷ ಕಿಟಕಿಯ ಹಿಂದೆ ಹೇಳದಿದ್ದ ಮಾತು. ಹೇಳಿದ ಮೇಲೆ ಅವಳ ಮೈ ಹಿಡಿತ ಬಿಟ್ಟಿತು. ಎರಡು ಸಲ ಒರೆಸಿದ ನೆಲದ ಮೇಲೆ ನೀರು ಹರಿಯಿತು. ಇಸ್ತ್ರಿ ಮಾಡಿದ ಬಟ್ಟೆಯ ಅಂಚು ಒದ್ದೆಯಾಗಿ ಕಾಲಿಗೆ ಅಂಟಿತು. ಅಮ್ಮ ಅಳಲಿಲ್ಲ. ಮುಖ ಮುಚ್ಚಿಡುವವಳಂತೆ ಎರಡೂ ಕೈಯನ್ನು ಮುಂದೆ ಹಿಡಿದು ನಿಂತಳು.

ಪೆನ್ನಿನ ಸದ್ದು ಕೇಳಿಸಿತು.

"ಹದಿನೇಳು," ಎಂದರು ಅಧಿಕಾರಿ ತಲೆ ಎತ್ತದೆ. "ಸೋಮವಾರದಿಂದ ಕಳಿಸಬಹುದು. ಇಲ್ಲೊಂದು ಸಹಿ."

ಮಗಳು ಸಹಿ ಹಾಕಿದಳು. ಹೊಸ್ತಿಲ ಬಳಿ ಅಧಿಕಾರಿ ಚಪ್ಪಲಿ ಹಾಕಿಕೊಳ್ಳುತ್ತ ಏನೋ ಹೇಳಲು ಬಾಯಿ ತೆರೆದರು.

"ಏನೂ ಹೇಳಬೇಡಿ," ಎಂದಳು ಮಗಳು. "ಘನತೆ ಗಿನತೆ ಅಂತ ಇನ್ನೊಂದು ಮಾತು ಆಡಿದ್ರೆ ಆ ಫೈಲು ಹರಿದು ನಿಮ್ಮ ಕೈಗೆ ಕೊಡ್ತೀನಿ. ನೀವು ಕಾಣಬೇಕು ಅಂದ್ರಿ. ಕಂಡ್ರಿ. ಐದನೇ ಮನೆಗೆ ಹೊತ್ತಾಯ್ತು, ನಡೀರಿ."

ಅಧಿಕಾರಿ ತಲೆ ತಗ್ಗಿಸಿ ಮೆಟ್ಟಿಲಿಳಿದರು.

ಮಗಳು ಅಮ್ಮನ ಕಾಲನ್ನು ಬಿಸಿನೀರಲ್ಲಿ ತೊಳೆದಳು. ಬೇರೆ ಬಟ್ಟೆ ಉಡಿಸಿ ಮಂಚದ ಮೇಲೆ ಕೂರಿಸಿದಳು. ನೆಲ ಒರೆಸುತ್ತಿರುವಾಗ ಫೋನು ಬಡಿದುಕೊಂಡಿತು. ಅಣ್ಣ. ಬಡಿದುಕೊಳ್ಳಲಿ ಎಂದು ಬಿಟ್ಟಳು. ಬಟ್ಟೆಯನ್ನು ಎಷ್ಟು ಬಲವಾಗಿ ಹಿಂಡಿದಳೆಂದರೆ ಅಂಗೈ ಉರಿಯಿತು.

"ಪುಟ್ಟಿ," ಎಂದು ಅಮ್ಮ ಒಳಗಿನಿಂದ ಕರೆದಳು. ಸಣ್ಣ ದನಿ. "ಯಾರೋ ಬಂದಿದ್ರಾ?"

"ಹೂಂ."

"ನನಗೆ ಏನೋ ಅಂದ್ರು. ಎಲ್ಲರ ಮುಂದೆ."

ಮಗಳು ಬಾಗಿಲಲ್ಲಿ ಬಂದು ನಿಂತಳು. ಅಮ್ಮನಿಗೆ ಪ್ರಶ್ನೆಗಳು ನೆನಪಿರಲಿಲ್ಲ, ಸ್ಕೂಟರು ನೆನಪಿರಲಿಲ್ಲ, ಒದ್ದೆಯಾದದ್ದೂ ನೆನಪಿರಲಿಲ್ಲ. ಆದರೆ ಪೆಟ್ಟು ಬಿದ್ದ ಜಾಗ ಹುಡುಕುವವಳಂತೆ ಎದೆಯ ಮೇಲೆ ಕೈಯಾಡಿಸಿಕೊಳ್ಳುತ್ತಿದ್ದಳು.

"ನಾನಮ್ಮ. ಅಂದದ್ದು ನಾನೇ."

ಅಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. "ಹೋಗೇ. ಅವಳು ಬೇರೆ. ಕೆಟ್ಟ ಮುಖ ಅವಳದ್ದು." ಆಮೇಲೆ, ಪಿಸುದನಿಯಲ್ಲಿ: "ಮತ್ತೆ ಬಂದಾಳು. ಚಿಲಕ ಹಾಕ್ಕೊಂಡು ಬಾ."

ಮಗಳು ಹೋಗಿ ಬೀದಿ ಬಾಗಿಲಿನ ಚಿಲಕ ಹಾಕಿದಳು.

"ಮೇಲಿಂದೂ ಹಾಕಿದ್ಯಾ?"

"ಹಾಕ್ದೆ ಅಮ್ಮಾ."

"ಒಂದ್ಸಲ ಎಳೆದು ನೋಡು."

ಅವಳು ಎಳೆದು ನೋಡಿದಳು. ಬಾಗಿಲು ಅಲುಗಲಿಲ್ಲ. ಕೈಯನ್ನು ಚಿಲಕದ ಮೇಲೆಯೇ ಇಟ್ಟುಕೊಂಡು ಒಳಗಡೆ ನಿಂತಳು.