ಹೆಲ್ಮೆಟ್ಟಿಗೊಂದು ಅಂಗಿ

ಏನು ಕೆಲಸ ಮಾಡುತ್ತೀ ಎಂದು ಯಾರಾದರೂ ಕೇಳಿದರೆ, ಹೆಲ್ಮೆಟ್ಟುಗಳಿಗೆ ಅಂಗಿ ಹೊಲಿಯುತ್ತೇನೆ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಯಿತು? ಹಳೆಯ ಯುದ್ಧಗಳಲ್ಲಿ ಸೈನಿಕರು ತೊಡುತ್ತಿದ್ದಂಥ ಉಕ್ಕಿನ ಹೆಲ್ಮೆಟ್ಟುಗಳ ನಕಲುಗಳನ್ನು ಕೊಂಡು, ಮನೆಯ ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ಅವುಗಳ ಮುಂದೆ ಕೈಕಟ್ಟಿ ನಿಂತು ಕಣ್ತುಂಬಿಕೊಳ್ಳುವ ಜನ ನೀವಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಅವರಿಗೆ ಆ ಹೆಲ್ಮೆಟ್ಟಿನ ಮೇಲೆ ಎಲೆಗಳ ಚಿತ್ರವಿರುವ ಬಟ್ಟೆಯ ಕವರ್ ಬೇಕು. ಕಾರ್ಖಾನೆಯ ಕವರ್ ತೊಡಿಸಿದರೆ ಅಪ್ಪನ ಅಂಗಿ ಮಗ ತೊಟ್ಟ ಹಾಗೆ ಜೋತುಬೀಳುತ್ತದೆ. ಆಗ ಬರುತ್ತಾರೆ ನನ್ನ ಅಂಗಡಿ ಹುಡುಕಿಕೊಂಡು.

ಈ ಹುಚ್ಚನ್ನು ನನಗೆ ಹತ್ತಿಸಿದವನು ನನ್ನಣ್ಣ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ದಾರಿಯಲ್ಲಿ ಇರುವೆ ಸಾಲು ಕಂಡರೆ ಸುತ್ತಿ ಹೋಗುವ ಜೀವ. ಆದರೆ ಸಂಗ್ರಹಕಾರರ ಸಂಘದಲ್ಲಿ ಎಲ್ಲರೂ ಅವನನ್ನು ಕರೆಯುವುದು ಜನರಲ್ ಎಂದು! ಹೊಸ ಹೆಲ್ಮೆಟ್ಟನ್ನು ಹಳತು ಮಾಡುವುದರಲ್ಲಿ ಅವನದು ಎತ್ತಿದ ಕೈ. ಬಣ್ಣ ಹಚ್ಚುತ್ತಾನೆ, ಉಪ್ಪುಕಾಗದದಿಂದ ಅಂಚು ಸವೆಸುತ್ತಾನೆ, ಉಪ್ಪುನೀರು ಚಿಮುಕಿಸಿ ತುಕ್ಕು ಬರಿಸುತ್ತಾನೆ, ಅದರ ಮೇಲೆ ಕೆಸರು ಮೆತ್ತಿ ಒಣಗಿಸುತ್ತಾನೆ. ಕಪಾಟಿನಲ್ಲಿರುವ ಅಷ್ಟೂ ಹೆಲ್ಮೆಟ್ಟುಗಳಲ್ಲಿ ಒಂದರ ಮೇಲಂತೂ ಇಡೀ ಮಳೆಗಾಲ ಕಳೆದಿದ್ದ. ಅದು ಅವನ ಪಂಚಪ್ರಾಣ.

ಹೋದ ತಿಂಗಳು ಸಂಘದವರು ಅಣ್ಣನ ಮನೆಗೆ ಬಂದಿದ್ದರು. ಅತ್ತಿಗೆ ಚಹಾ ತಂದರೆ ತಟ್ಟೆ ಇಡಲು ಜಾಗವಿಲ್ಲ. ಮೇಜಿನ ಮೇಲೆ ಹೆಲ್ಮೆಟ್, ಕುರ್ಚಿಯ ಮೇಲೆ ಹೆಲ್ಮೆಟ್. "ಈ ತಗಡಿನ ರಾಶೀನ ಗುಜರಿಯವನಿಗೆ ಹಾಕಿದ್ರೆ ಮನೆ ಒಂದು ಮನೆ ಥರ ಇರುತ್ತೆ" ಎಂದು ರೇಗಿಬಿಟ್ಟರು. ಬಂದವರು ನಕ್ಕರು. ಅಣ್ಣ ನಗಲಿಲ್ಲ. ಆ ದಿನವೇ ಕಪಾಟಿಗೆ ಹಳೆಯ ದುಪ್ಪಟಿ ಇಳಿಬಿಟ್ಟ. ಊಟಕ್ಕೆ ಕೂತರೆ ಯಾವ ಹೆಲ್ಮೆಟ್ಟಿನ ಅಂಚು ಹೇಗೆ ಬಾಗಿದೆ ಎಂದು ಕೊರೆಯುತ್ತಿದ್ದ ಮನುಷ್ಯ, "ಉಪ್ಪು ಕೊಡು", "ಸಾಕು" ಎಂಬಷ್ಟಕ್ಕೆ ನಿಲ್ಲಿಸಿದ.

ಒಂದು ದಿನ ಅತ್ತಿಗೆ ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಕೊರೀತಿದ್ದಾಗ ತಲೆ ತಿಂತಾರೆ ಅಂತಿದ್ದೆ ಕಣೇ. ಈಗ ಮನೇಲಿ ಬರೀ ಫ್ಯಾನಿನ ಸದ್ದು. ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿಲ್ಲ. ಅವರ ಅಚ್ಚುಮೆಚ್ಚಿನ ಹೆಲ್ಮೆಟ್ಟಿಗೆ ಒಂದು ಒಳ್ಳೆ ಕವರ್ ಹೊಲಿದುಕೊಡು. ಭಾನುವಾರ ಸಂಘದ ಪ್ರದರ್ಶನಕ್ಕೆ ಹೊರಡೋ ಮುಂಚೆ ನಾನೇ ಕೊಡ್ತೀನಿ. ಆಗಲಾದ್ರೂ ಮಾತಾಡ್ತಾರೇನೋ ನೋಡೋಣ."

"ಹೊಲೀತೀನಿ ಅತ್ತಿಗೆ, ಆದ್ರೆ ತಲೆ ಇಲ್ದೆ ಟೋಪಿ ಹೇಗೆ ಹೊಲೀಲಿ? ಹೆಲ್ಮೆಟ್ ತಂದುಕೊಡಿ. ಅಣ್ಣನಿಗೆ ಗೊತ್ತಾಗಬಾರದು ಅಷ್ಟೆ."

"ದುಪ್ಪಟಿ ಹಿಂದೆ ಆ ಜಾಗದಲ್ಲಿ ಕುಕ್ಕರ್ ಬೋರಲು ಹಾಕ್ತೀನಿ. ಈಗ ಅವರು ಆ ಕಡೆ ತಿರುಗಿಯೂ ನೋಡಲ್ಲ."

ಎರಡು ದಿನ ಬಿಟ್ಟು ತರಕಾರಿ ಚೀಲ ಹಿಡಿದು ಬಂದರು. ಮೇಲಿದ್ದ ಟವೆಲ್ ಸರಿಸಿ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟರು. ನಾನು ಕೂತಲ್ಲಿಂದ ಎದ್ದುಬಿಟ್ಟೆ. ಅದು ಫಳಫಳ ಹೊಳೆಯುತ್ತಿತ್ತು! ತುಕ್ಕಿಲ್ಲ, ಕೆಸರಿಲ್ಲ, ಹಸಿರು ಬಣ್ಣದ ಒಂದು ಚೂರೂ ಇಲ್ಲ.

"ಅಂಥ ಕೊಳಕನ್ನ ನಿನ್ನ ಕೈಗೆ ಹೇಗೆ ಕೊಡೋದು ಹೇಳು" ಎಂದರು ಅತ್ತಿಗೆ, ಹೆಮ್ಮೆಯಿಂದ. "ಹೊಸ ಬಟ್ಟೆಗೆ ಮೆತ್ಕೊಳ್ಳಲ್ವಾ? ಮಧ್ಯಾಹ್ನವೆಲ್ಲ ಕೂತು ಸೀಮೆಎಣ್ಣೆ, ಸೋಪಿನ ಪುಡಿ, ಸ್ಟೀಲ್ ನಾರು ಹಾಕಿ ಉಜ್ಜಿದೆ. ನೋಡು, ಮುಖ ಕಾಣುತ್ತೆ."

ನಿಜ, ಕಾಣುತ್ತಿತ್ತು. ಬಾಯಿ ತೆರೆದ ನನ್ನ ಮುಖವೇ.

"ಅಯ್ಯೋ ಅತ್ತಿಗೇ! ಅದು ಕೊಳಕಲ್ಲ! ಅಣ್ಣ ಮಳೆಗಾಲ ಪೂರ್ತಿ ಕೂತು ಮಾಡಿದ್ದು ಅದು!"

"ಕೊಳಕನ್ನ ಯಾರಾದ್ರೂ ಕೂತು ಮಾಡ್ತಾರೇನೇ?"

"ನಿಮ್ಮ ಗಂಡ ಮಾಡ್ತಾನೆ!"

ನಾನು ಕೂಗಾಡಿದೆ. ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಕತ್ತರಿ ಎಸೆದೆ, ಚಾಕ್ ಎಸೆದೆ, ಎಸೆದದ್ದನ್ನು ಮತ್ತೆ ನಾನೇ ಹುಡುಕಿ ಎತ್ತಿಟ್ಟೆ. ಕೊನೆಗೆ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬೇಕಂತಲೇ ಮಾಡಿದೆ ಅಂದ್ಕೋತಾರೆ. ಅವತ್ತು ಗುಜರಿ ಅಂದವಳು ಇವತ್ತು ಕೈಯಾರೆ ಹಾಳು ಮಾಡಿದ್ಲು ಅಂತಾರೆ. ಇನ್ನು ಉಪ್ಪು ಕೊಡು ಅಂತಲೂ ಕೇಳಲ್ಲ."

ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಪಾಪ ಅನ್ನಿಸಿತು. ಅಣ್ಣನ ಕೈಚಳಕ ಬೇರೆ ಯಾರಿಗೂ ಬರುವುದಿಲ್ಲ, ಭಾನುವಾರದೊಳಗೆ ಮತ್ತೊಬ್ಬರಿಂದ ತುಕ್ಕು ಹಿಡಿಸುವುದು ಆಗದ ಮಾತು. ಉಳಿದದ್ದು ಒಂದೇ ದಾರಿ, ಮುಚ್ಚುವುದು. ಕವರಿನ ಅಂಚಿನಲ್ಲಿ ನಾಲಗೆಯಂಥ ಪಟ್ಟಿಗಳಿರುತ್ತವೆ. ಅವನ್ನು ಒಳಕ್ಕೆ ಮಡಚಿ, ಹೆಲ್ಮೆಟ್ಟಿಗೂ ಅದರೊಳಗೆ ಬೇರೆಯಾಗಿ ಕೂರುವ ಟೋಪಿಗೂ ನಡುವೆ ಸಿಕ್ಕಿಸುತ್ತೇವೆ. ಬೇಕಾದಾಗ ಎಳೆದು ತೆಗೆಯಬಹುದು. ಆ ಪಟ್ಟಿಗಳನ್ನು ಒಳಗೆ ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟರೆ ಕವರ್ ಬಿಚ್ಚಲು ಬರುವುದಿಲ್ಲ.

"ಹಾಗೇ ಮಾಡೇ" ಎಂದರು ಅತ್ತಿಗೆ.

ಮಾಡಿದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾದ ಕವರ್ ಹೊಲಿದಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ತೆಳು ಕಾಗದವನ್ನು ಹೆಲ್ಮೆಟ್ಟಿನ ಮೇಲೆ ಒತ್ತಿ ಅಚ್ಚು ತೆಗೆದೆ. ಎರಡು ಅರ್ಧಗಳನ್ನು ನೆತ್ತಿಯ ಮೇಲೆ ಕೂಡಿಸಿದೆ. ಸೈನಿಕರು ಮರೆಗೆಂದು ಸೊಪ್ಪು ಸಿಕ್ಕಿಸುವ ಸೀಳುಗಳಿಗೆ ಅಂಗಿಯ ಕಾಜಾದ ಹಾಗೆ ಕೈಯಲ್ಲೇ ನೂಲು ಸುತ್ತಿದೆ. ಚಹಾದ ನೀರಿನಲ್ಲಿ ಅದ್ದಿ ಬಣ್ಣ ಮಂಕು ಮಾಡಿದೆ. ತೊಡಿಸಿದರೆ ಒಂದು ಸುಕ್ಕಿಲ್ಲ, ಮೈಗೆ ಅಂಟಿದ ಚರ್ಮ. ಆಮೇಲೆ ಒಳಗಿನ ಟೋಪಿ ತೆಗೆದು, ಚಪ್ಪಲಿ ಹೊಲಿಯುವ ದಪ್ಪ ನೂಲಿನಿಂದ ಪಟ್ಟಿಗಳನ್ನು ಬಿಗಿದು ಹೊಲಿದೆ. ಕೆಲಸ ಬಲ್ಲವಳು ಯಾರೂ ಮಾಡಬಾರದ ಹೊಲಿಗೆ ಅದು.

ಭಾನುವಾರ ಬೆಳಿಗ್ಗೆ ಅಣ್ಣ ಪೆಟ್ಟಿಗೆ ತಂದು ದುಪ್ಪಟಿ ಎತ್ತುವ ಮೊದಲೇ ಅತ್ತಿಗೆ ಅಡ್ಡ ಬಂದು, "ರೀ, ಇದು ನಿಮಗೆ" ಎಂದು ಕೊಟ್ಟರು. ನಾನು ಬಾಗಿಲ ಬಳಿ ನಿಂತಿದ್ದೆ. ಅಣ್ಣ ನೋಡಿದ. ಕೈಯಲ್ಲಿ ತಿರುಗಿಸಿದ. ಬೆರಳಿನಿಂದ ನೆತ್ತಿಯ ಹೊಲಿಗೆ ಸವರಿದ.

"ನೀನು ಮಾಡಿಸಿದ್ದಾ?" ಎಂದ. ಅತ್ತಿಗೆಯ ಮುಖ ಅರಳಿತು.

ಆದರೆ ಸಂಗ್ರಹಕಾರರ ಜಾತಿಯೇ ಹಾಗೆ. ಹೊರಗೆ ಎಷ್ಟೇ ಚೆನ್ನಾಗಿರಲಿ, ಒಳಗೆ ನೋಡದೆ ಬಿಡುವುದಿಲ್ಲ. ಅಣ್ಣ ಹೆಲ್ಮೆಟ್ ಮಗುಚಿ ಒಳಗಿನ ಟೋಪಿ ಎಳೆದ. ಹುಬ್ಬು ಗಂಟಾಯಿತು.

"ಏನೇ ಪುಟ್ಟಿ ಇದು, ಗೋಣಿಚೀಲ ಹೊಲಿದ ಹಾಗೆ? ಪಟ್ಟಿ ಹೊಲೀತಾರಾ ಯಾರಾದ್ರೂ? ಇಷ್ಟು ವರ್ಷ ಕೆಲಸ ಮಾಡಿ ಇಷ್ಟೂ ಗೊತ್ತಾಗಲಿಲ್ವಾ ನಿಂಗೆ?"

ನನಗೆ ನಖಶಿಖಾಂತ ಉರಿಯಿತು. ನನ್ನ ಹೊಲಿಗೆಗೆ ಹೆಸರಿಡುವುದೇ! ನಾಲಗೆಯ ತುದಿಗೆ ಬಂದ ಮಾತನ್ನು ಅತ್ತಿಗೆಯ ಮುಖ ನೋಡಿ ನುಂಗಿದೆ. "ಹೂಂ, ಕೈತಪ್ಪಿತು" ಎಂದೆ. ಅದನ್ನು ಹೇಳಲು ಎಷ್ಟು ಕಷ್ಟವಾಯಿತು ಎಂದು ನನಗೊಬ್ಬಳಿಗೇ ಗೊತ್ತು.

"ಬ್ಲೇಡ್ ಕೊಡು, ಬಿಚ್ತೀನಿ" ಎಂದ ಅಣ್ಣ.

"ಬೇಡಿ" ಎಂದರು ಅತ್ತಿಗೆ. "ಅವಳ ಮೇಲೆ ಯಾಕೆ ಹಾಯ್ತೀರಿ? ನಾನೇ ಹೊಲಿಸಿದ್ದು. ನಾನೇ ಬಿಚ್ತೀನಿ."

ಬ್ಲೇಡ್ ಹಿಡಿದು ಕೂತರು. ನೂಲು ಒಂದೊಂದಾಗಿ ಕಿತ್ತು ಬಂತು. ಕವರ್ ಎತ್ತಿದರು. ಕಿಟಕಿಯ ಬೆಳಕು ಹೆಲ್ಮೆಟ್ಟಿನ ಮೇಲೆ ಬಿದ್ದು ಸೂರಿನ ಮೇಲೆ ಕುಣಿಯಿತು.

ಅಣ್ಣ ಕುರ್ಚಿಯಲ್ಲಿ ಕುಸಿದ. "ನನ್ನ ತುಕ್ಕು..." ಎಂದ. ಅಷ್ಟೆ.

"ಕೊಳಕು ಅಂದ್ಕೊಂಡೆ ರೀ. ನಿಮ್ಮ ವಸ್ತುವನ್ನ ಹಾಗೇ ಇನ್ನೊಬ್ಬರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ನನ್ನಾಣೆ, ಬೇಕಂತ ಮಾಡಿದ್ದಲ್ಲ."

ಅಣ್ಣ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟು ಸುತ್ತಲೂ ಸವರಿದ. ಆಮೇಲೆ ತಲೆ ಎತ್ತಿ ಕೇಳಿದ: "ಕಪಾಟು ತುಂಬ ಇವೆ. ಎಲ್ಲಾ ಒಂದೇ ಥರ ಕಾಣ್ತವೆ ಅಂತಿದ್ದೆ ನೀನು. ಇದೇ ಅಂತ ಹೇಗೆ ಗೊತ್ತಾಯ್ತು?"

"ಅದೇನು ದೊಡ್ಡ ವಿಷಯ? ಅಂಚಿನ ಪಟ್ಟಿಯ ಬೆಸುಗೆ ಮುಂದುಗಡೆ ಇರಬೇಕು, ಹಿಂದಿದ್ರೆ ಅದು ಆಮೇಲಿನ ನಮೂನೆ. ಗಲ್ಲದ ಪಟ್ಟಿ ಹಾಕೋ ಕೊಂಡಿ ಅಲುಗಾಡಬಾರದು. ಎಡಕ್ಕೆ ಒಂದು ಸಣ್ಣ ತಗ್ಗು, ಬಸ್ಸಿನಿಂದ ಇಳೀವಾಗ ಕೈಜಾರಿ ಬಿದ್ದಿದ್ದು. ಅವತ್ತು ನೀವು ಊಟ ಮಾಡ್ಲಿಲ್ಲ."

ಅಣ್ಣ ಕಣ್ಣರಳಿಸಿ ನೋಡಿದ. "ಇದನ್ನೆಲ್ಲ ನೀನು ಕೇಳಿಸ್ಕೊಳ್ತಿದ್ಯಾ?"

"ಮತ್ತೆ? ಕಿವಿ ಮುಚ್ಕೊಂಡು ಬಡಿಸೋಕಾಗುತ್ತಾ?"

ಅಣ್ಣನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ನಗುತ್ತಲೇ ಕಣ್ಣೊರೆಸಿಕೊಂಡ. ಅತ್ತಿಗೆ ನಕ್ಕರು, ನಾನೂ ನಕ್ಕೆ. ಅಬ್ಬಾ, ಜೀವ ಬಂದ ಹಾಗಾಯಿತು!

ಪ್ರದರ್ಶನದ ಮೇಜಿನ ಮೇಲೆ ಮಂಕು ಹಿಡಿದ ಹೆಲ್ಮೆಟ್ಟುಗಳ ಮಧ್ಯೆ ಅವನು ಆ ಹೊಳೆಯುವುದನ್ನೇ ಇಟ್ಟ, ಕವರ್ ಇಲ್ಲದೆ. ನನ್ನ ಕವರನ್ನು ಪಕ್ಕದಲ್ಲಿ ಕರವಸ್ತ್ರದ ಹಾಗೆ ಹರಡಿದ್ದ.

"ಅಣ್ಣ, ನನ್ನ ಕೆಲಸಕ್ಕೆ ಬೆಲೆ ಇಲ್ವಾ? ತೊಡಿಸು!" ಎಂದು ಜಗಳಕ್ಕೇ ನಿಂತೆ.

"ಮುಚ್ಚಲ್ಲ ಕಣೇ, ಸುಮ್ಮನಿರು" ಎಂದ.

ಸಂಘದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ, "ಇದೇನ್ರೀ ಜನರಲ್, ಯಾವ ಸೈನ್ಯದ್ದು?" ಎಂದರು.

"ನನ್ನ ಹೆಂಡತಿ ಉಜ್ಜಿದ್ದು" ಎಂದ ಅಣ್ಣ, ಎದೆಯುಬ್ಬಿಸಿ.

ಅತ್ತಿಗೆ ಕೆಂಪಾದರು. ಅಣ್ಣನ ಪಕ್ಕ ಸರಿದು, ಮೇಜಿನ ಮೇಲಿನ ಇಡೀ ಸಾಲನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದರು: "ರೀ, ಹಾಗಾದ್ರೆ ಉಳಿದಿದ್ದನ್ನೂ ಉಜ್ಜಿಬಿಡ್ಲಾ?"

ಅಣ್ಣ ಎರಡೂ ಕೈ ಚಾಚಿ ಮೇಜನ್ನು ತಬ್ಬಿಕೊಂಡ. "ಬೇಡ ತಾಯಿ, ನಿನಗೆ ಕೈಮುಗೀತೀನಿ! ಇಲ್ಲಿ ಕೂತ್ಕೋ, ಒಂದೊಂದರ ಕಥೆನೂ ಹೇಳ್ತೀನಿ" ಎಂದು ಅವರಿಗೆ ಕುರ್ಚಿ ಎಳೆದು ಹಾಕಿದ.