ತಿರುಗಿಸಬಾರದ ಬೀಗ

ಕರ್ರ್ ಎಂದು ಶುರುವಾಗಿ ನಿಂತಿತು, ಬೀಗ ಕೊಯ್ಯುವ ಮೆಷಿನ್ ಓಡುತ್ತದೋ ಇಲ್ಲವೋ ನೋಡುತ್ತಿದ್ದಾರೆ ಅಷ್ಟೇ, ಇನ್ನೂ ಕೊಯ್ದಿಲ್ಲ, ಕೊಯ್ದರೆ ಸದ್ದು ಬೇರೆ, ಪಕ್ಕದ ಸೈಟಿನಲ್ಲಿ ಕಂಬಿ ಕೊಯ್ಯುವುದನ್ನು ಆರು ತಿಂಗಳಿಂದ ಕೇಳಿ ಕಿವಿ ಕೆಟ್ಟಿದೆ — ಅವರೆಕಾಯಿ ಸುಲಿಯುವ ಕೈ ನಿಂತೇ ಹೋಗಿದೆ, ಬೆರಳಿಗೆಲ್ಲ ಸೊಗಡು, ಎದುರಿಗೆ ಕೂತ ಅತ್ತೆ ಹುಳ ಬಿದ್ದ ಕಾಳನ್ನೂ ಒಳ್ಳೆಯದರ ಜೊತೆಗೇ ಹಾಕುತ್ತಿದ್ದಾರೆ, ಹಾಕಲಿ, ಇವತ್ತು ಹುಳ ಆರಿಸುವ ತಾಳ್ಮೆ ಯಾರಿಗಿದೆ. ಹಾಲ್‌ನ ಬಾಗಿಲು ಹಾಕಿದೆ, ಒಳಗೆ ಗಂಡಸರು, ನಡುವೆ ಅಮ್ಮನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಊರಮ್ಮನ ಬೆಳ್ಳಿ ಮುಖ, ಹತ್ತು ಗಂಟೆಗೆ ಅದು ಗುಡಿಯಲ್ಲಿರಬೇಕು, ಈಗಲೇ ಒಂಬತ್ತೂ ಇಪ್ಪತ್ತು. ವರ್ಷಕ್ಕೊಂದು ಸಲ ಪೆಟ್ಟಿಗೆ ತೆಗೆಯುತ್ತಾರೆ, ತೆಗೆಯುವಾಗ ಹೆಂಗಸರು ಹಾಲ್‌ನಲ್ಲಿ ಇರಬಾರದು, ಇಪ್ಪತ್ತೆರಡು ವರ್ಷದಿಂದ ನಾನು ಈ ಬಾಗಿಲ ಈಚೆಗೇ ಇದ್ದೇನೆ. ಈಗಿನ ಯಜಮಾನರು ನನ್ನ ಗಂಡ ಭೈರೇಶ್, ಹೊಸ ಪಂಚೆ, ಹೊಸ ಶಲ್ಯ, ಎಲ್ಲ ಸರಿ, ಬೀಗ ಮಾತ್ರ ಬರುತ್ತಿಲ್ಲ. ಮಾವ ಚಿಕ್ಕಣ್ಣನವರು ಬೀಗದ ಮೇಲೆ ಟವೆಲ್ ಹೊದಿಸಿ ಅದರಡಿ ಕೈ ಹಾಕುತ್ತಿದ್ದರು, ಪಕ್ಕದಲ್ಲಿ ನಿಂತ ಮಗನಿಗೂ ಕಾಣಬಾರದು, ಮುಂದಿನ ವರ್ಷ ಹೇಳ್ಕೊಡ್ತೀನಿ ಇರೋ ಏನವಸರ, ಏನವಸರ ಎಂದವರು ಕಳೆದ ಪೂಜೆ ಮುಗಿದು ತಿಂಗಳಾಗುವಷ್ಟರಲ್ಲಿ ನಿದ್ದೆಯಲ್ಲೇ ಹೋದರು. ಟವೆಲ್ ಉಳಿಯಿತು.

ಬೀಗವೂ ಬೀಗದ ಹಾಗಿಲ್ಲ, ಗೇಣುದ್ದದ ಹಿತ್ತಾಳೆ ಕೊಳವೆ, ಒಂದು ತುದಿಯಿಂದ ಕಬ್ಬಿಣದ ಕಂಬಿ ಒಳಗೆ ಹೋಗಿದೆ, ಇನ್ನೊಂದು ತುದಿಯಲ್ಲಿ ಬರೀ ಒಂದು ಸೀಳು, ಬೀಗದ ಕೈಗೆ ಹಲ್ಲೇ ಇಲ್ಲ, ಚಪ್ಪಟೆ ಪಟ್ಟಿ, ತುದಿ ಬಗ್ಗಿಸಿದ್ದಾರೆ, ಬಗ್ಗಿಸಿದ ಕಡೆ ಎರಡು ಚೌಕ ತೂತು. ಇವರು ಮೊಬೈಲಿನಲ್ಲಿ ಫೋಟೋ ಹಾಕಿ ಹುಡುಕಿದರು, ಬಾಗಿಲ ಹಿಡಿ ಎಂದಿತಂತೆ. ಆರ್‌ಪಿಸಿ ಲೇಔಟಿನಿಂದ ಬೀಗ ರಿಪೇರಿಯ ಕರಿಬಸಪ್ಪನವರು ಬಂದರು, ನಲವತ್ತು ವರ್ಷದ ಸರ್ವೀಸು, ತಿರುಗಿಸಿದರು, ಎಣ್ಣೆ ಬಿಟ್ಟು ತಿರುಗಿಸಿದರು, ಇಕ್ಕಳ ಹಿಡಿದು ತಿರುಗಿಸಿದರು, ಇಂಥದ್ದು ನಾ ನೋಡೇ ಇಲ್ಲ ಸಾರ್, ಒಳಗಡೆ ತುಕ್ಕಿಡ್ದಿದೆ, ಕಟ್ ಮಾಡೋದೊಂದೇ ದಾರಿ. ಕಟ್ ಮಾಡಿದರೆ ಮುಗಿಯಿತು, ಬೀಗ ಒಡೆದ ಮನೆಯಲ್ಲಿ ಪೆಟ್ಟಿಗೆ ಇರಬಾರದು, ಇವತ್ತೇ ಉಲ್ಲಾಳದಲ್ಲಿರುವ ಇವರ ದೊಡ್ಡಪ್ಪನ ಮನೆಗೆ ಹೋಗುತ್ತದೆ, ಅವರ ಮಕ್ಕಳಿಬ್ಬರೂ ಏಳಕ್ಕೇ ಬಂದು ಕೂತಿದ್ದಾರೆ, ಎರಡು ಸಲ ಕಾಫಿ ಕುಡಿದಿದ್ದಾರೆ, ಪೆಟ್ಟಿಗೆ ಒಯ್ಯಲು ಗಾಡಿಯನ್ನೂ ತಂದಿದ್ದಾರೆ! ಹೋಗಲಿ ಬಿಡು, ನಿಂಗೂ ಕೆಲ್ಸ ಕಮ್ಮಿ ಆಗುತ್ತೆ, ಇವರು ನೆನ್ನೆ ಹೇಳಿದ್ದು. ಕೆಲಸವಂತೆ. ದಿನಾ ಬೆಳಿಗ್ಗೆ ಒರೆಸಿ, ಹೂವಿಟ್ಟು, ದೀಪ ಹಚ್ಚಿ, ಯಾರಿಗೂ ಹೇಳದ್ದನ್ನೆಲ್ಲ ಅದರ ಮುಂದೆ ಕೂತು ಹೇಳಿದ್ದೇನೆ, ಎರಡನೆಯದು ಹೊಟ್ಟೆಯಲ್ಲೇ ಹೋದಾಗ ಈ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ, ಪೆಟ್ಟಿಗೆಯ ಹತ್ತಿರ ಅತ್ತಿದ್ದೇನೆ, ಅದು ಹೋದರೆ ಈ ಮೂರಂತಸ್ತಿನಲ್ಲಿ ನನಗೆ ಮಾತಿಗೆ ಯಾರೂ ಇಲ್ಲ.

ನನಗೆ ಗೊತ್ತು, ಅದೇ ಸಂಕಟ, ಗೊತ್ತಿದ್ದೂ ಅವರೆಕಾಯಿ ಸುಲಿಯುತ್ತಿದ್ದೇನೆ. ಒಳಗೆ ಗಂಡಸರು ನೋಡಿದ್ದು ಟವೆಲ್, ಹೊರಗೆ ನಾನು ಕೇಳಿದ್ದು ಸದ್ದು. ಬೀಗ ತಿರುಗಿದರೆ ಕಟಕ್ ಎನ್ನಬೇಕು, ನಮ್ಮ ಬೀರುವಿನ ಹಾಗೆ, ಇದು ಒಂದು ವರ್ಷವೂ ಅನ್ನಲಿಲ್ಲ, ಸರ್ರ್ ಎಂದು ಏನೋ ಒಳಗೆ ಜಾರುತ್ತಿತ್ತು, ಆಮೇಲೆ ಕಂಬಿ ನೆಲಕ್ಕೆ ಬೀಳುತ್ತಿತ್ತು, ಹಾಕುವಾಗ ಬರೀ ಟಕ್. ಮೊನ್ನೆ ಮಾಗಡಿ ರೋಡಿನ ಬಸ್ ಸ್ಟಾಪಿನಲ್ಲಿ ಕೊಡೆ ಮಡಿಸುತ್ತಾ ಹೊಳೆಯಿತು, ಕೋಲಿನಿಂದ ಹೊರಗೆ ಚಾಚಿಕೊಂಡಿರುತ್ತದಲ್ಲ ತಗಡಿನ ನಾಲಿಗೆ, ಅದನ್ನು ಒತ್ತಿದರೆ ತಾನೇ ಕೊಡೆ ಜಾರುವುದು, ಎಷ್ಟು ತಿರುಗಿಸಿದರೂ ಜಾರುತ್ತದೆಯೇ? ಮನೆಗೆ ಬಂದು ಸೀಳಿನೊಳಗೆ ಟಾರ್ಚ್ ಬಿಟ್ಟು ನೋಡಿದೆ, ಇದೆ, ಕಂಬಿಯ ಒಳತುದಿಯಲ್ಲಿ ಎರಡು ಸರಳು, ಸರಳಿನ ಮೈಯಿಂದ ಸಿಡಿದು ನಿಂತ ತಗಡುಗಳು, ಕಂಬಿಯನ್ನು ಹೊರಗೆ ಬಿಡದೆ ಹಿಡಿದದ್ದು ಅವೇ, ಎರಡು ಚೌಕ ತೂತು ಎರಡು ಸರಳಿಗೆ ತೂರಿಕೊಂಡು ಹೋಗುತ್ತಾ ತಗಡನ್ನು ಮಡಿಸಬೇಕು, ಮಡಿಸಿದಾಗ ಕಂಬಿ ಎಳೆಯಬೇಕು, ಅಷ್ಟೇ, ತಳ್ಳುವುದು, ಎಳೆಯುವುದು. ಬೆಳಿಗ್ಗೆ ಹೇಳಿದೆ, ರೀ, ತಿರುಗಿಸ್ಬೇಡಿ, ಒಳಕ್ಕೆ ತಳ್ಳಿ ಎಂದೆ, ಅದೆಲ್ಲ ನಿಂಗೆ ಗೊತ್ತಾಗಲ್ಲ ಸುಮ್ನಿರೇ, ಕಾಫಿ ತಗೊಂಬಾ. ತಂದುಕೊಟ್ಟೆ. ಸಕ್ಕರೆ ಸಾಕಾ ಎಂದೂ ಕೇಳಿದೆ.

ಕರ್ರ್ — ನಿಲ್ಲುತ್ತಿಲ್ಲ, ಈ ಸಲ ನಿಲ್ಲುತ್ತಿಲ್ಲ, ಅತ್ತೆ ತಲೆಯೆತ್ತಿ ನೋಡುತ್ತಿದ್ದಾರೆ, ಎಲ್ಗೋಗ್ತಾ ಇದೀಯೇ ಕುಸುಮಾ, ಒಳಗೋಗಬಾರ್ದು ಕಣೇ, ಮಡಿಲಲ್ಲಿದ್ದ ಕಾಳೆಲ್ಲ ನೆಲಕ್ಕೆ, ಬಾಗಿಲು ತಳ್ಳಿದೆ, ಸ್ವಿಚ್ ಆರಿಸಿದೆ, ಕರಿಬಸಪ್ಪನವರ ಕೈಯಲ್ಲಿ ಚಕ್ರ ಇನ್ನೂ ಸುತ್ತುತ್ತಿದೆ, ಬೀಗದ ಕೈ ಇತ್ಲಾಗ್ ಕೊಡಿ ಅಣ್ಣ. ಕೊಟ್ಟರು. ಸೀಳಿಗಿಟ್ಟು ತಳ್ಳಿದೆ, ಹೋಗದು, ಇಕ್ಕಳ ಹಿಡಿದು ತಿರುಚಿಬಿಟ್ಟಿದ್ದಾರೆ ಪಾಪಿಗಳು, ನೆಲಕ್ಕೊತ್ತಿ ನೆಟ್ಟಗೆ ಮಾಡಿ ಮತ್ತೆ ತಳ್ಳಿದೆ, ಎರಡು ಚೌಕ ತೂತು ಎರಡು ಸರಳನ್ನು ಹುಡುಕಿಕೊಂಡವು, ಸರ್ರ್, ಆಹಾ, ಅದೇ ಸದ್ದು, ಬಾಗಿಲ ಈಚೆ ಕೇಳುತ್ತಿದ್ದಷ್ಟು ಸಣ್ಣದಲ್ಲ, ತೋಳಿನವರೆಗೂ ಬಂತು, ಕಂಬಿ ಕೈಗೆ ಬಂತು. ದೊಡ್ಡಪ್ಪನ ದೊಡ್ಡ ಮಗ ಗಾಡಿಯ ಕೀಯನ್ನು ಜೇಬಿಗೆ ಹಾಕಿಕೊಂಡ, ಇವರು ನನ್ನನ್ನೊಮ್ಮೆ, ಬೀಗವನ್ನೊಮ್ಮೆ ನೋಡಿದರು, ಶಭಾಷ್ ಎನ್ನುತ್ತಾರೆ ಎಂದುಕೊಂಡೆ, ನಿಜವಾಗಿ ಎಂದುಕೊಂಡೆ. ಸರಿ, ಈಗ ಆಚೆ ಹೋಗು, ಮುಚ್ಳ ತೆಗೀಬೇಕು.

ಹೋದೆ! ಅದೇ ಉರಿಯುತ್ತಿರುವುದು, ಅವರು ಹೇಳಿದ್ದಲ್ಲ, ನಾನು ಹೋದದ್ದು, ಇಪ್ಪತ್ತೆರಡು ವರ್ಷದ ಅಭ್ಯಾಸಕ್ಕೆ ಕಾಲುಗಳು ತಾವೇ ನಡೆದವು, ಬಾಗಿಲನ್ನು ನಾನೇ ಎಳೆದುಕೊಂಡೆ. ಆಚೆ ಮುಚ್ಚಳ ಕಿರುಗುಟ್ಟಿತು, ಮಂಗಳಾರತಿಯ ಗಂಟೆ, ಅಮ್ಮನ ಮುಖ ನೋಡಿದವರು ಅವರು, ನಾನು ನೆಲದಲ್ಲಿ ಕೂತು ಕಾಳು ಬಳಿಯುತ್ತಿದ್ದೇನೆ, ಮಾಡಬಾರದ್ದು ಮಾಡ್ಬುಟ್ಟೆ ಎನ್ನುತ್ತಿದ್ದಾರೆ ಅತ್ತೆ, ಹೌದು, ಅರ್ಧ ಮಾಡಿ ಬಂದೆ. ಟಕ್. ಮುಖ ಹೊರತೆಗೆದು ಖಾಲಿ ಪೆಟ್ಟಿಗೆಗೆ ಬೀಗ ಹಾಕಿದರು, ಹಾಕುವುದಕ್ಕೆ ಬೀಗದ ಕೈ ಬೇಡ, ಕಂಬಿ ತಳ್ಳಿದರೆ ತಗಡು ತಾನೇ ಸಿಡಿದುಕೊಳ್ಳುತ್ತದೆ, ಸಂಜೆ ಅಮ್ಮ ವಾಪಸು ಬಂದಾಗ ತೆಗೆಯಲು ಬೇಕು. ಕುಸುಮಾ, ಬೀಗದ್ಕೈ ಎಲ್ಲಿಟ್ಟೇ? ಇವರ ದನಿ. ಎಡಗೈಯಲ್ಲಿ ಕಾಳು ಬಳಿಯುತ್ತಿದ್ದೇನೆ, ಬಲಗೈ ಮುಷ್ಟಿ, ಆಗಿನಿಂದಲೂ ಮುಷ್ಟಿ. ಏ ಕುಸುಮಾ, ಕೇಳ್ತಾ ಇದೀನಲ್ಲ. ಕೊಡಬೇಕು, ಕೊಟ್ಟೇ ಕೊಡುವವಳು ನಾನು — ಮುಷ್ಟಿ ಸಡಿಲಿಸಿದೆ, ಅಂಗೈಯಲ್ಲಿ ಅಚ್ಚೊತ್ತಿದೆ, ಎರಡು ಚೌಕ, ಕೆಂಪಗೆ, ಮತ್ತೆ ಮುಚ್ಚಿದೆ, ಎರಡು ಚೌಕ, ಒಳಗಿಂದ ಬಾಗಿಲು ತಟ್ಟಿ ಕರೆಯುತ್ತಿದ್ದಾರೆ, ಎರಡು ಚೌಕ