ನಗ್ತಾ ಹೇಳಿ, ಮೇಡಂ

ಕೆಲಸದಿಂದ ತೆಗೆಯುವ ಮಾತನ್ನು ಪತ್ರದಲ್ಲಿ ಹೇಳಬಾರದು, ಬರೀ ದನಿಯಲ್ಲೂ ಹೇಳಬಾರದು, ಕ್ಯಾಮೆರಾ ಹಾಕಿಕೊಂಡು ಮುಖ ನೋಡಿಯೇ ಹೇಳಬೇಕು ಎಂದು ಮೇಲಿನವರ ಅಪ್ಪಣೆ. ಅದು ಮರ್ಯಾದೆಯಂತೆ. ಕತ್ತು ಕೊಯ್ಯುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಯಾವ ಸೀಮೆಯ ಮರ್ಯಾದೆಯೋ! ಅವರಂತೂ ಯಾರ ಮುಖವನ್ನೂ ನೋಡುವುದಿಲ್ಲ. ಆ ಪುಣ್ಯದ ಕೆಲಸ ಮೇಡಂ ಪಾಲಿಗೆ ಬಂದಿತ್ತು.

ಮೇಡಂ ಎಂದರೆ ಮಲಗುವ ಕೋಣೆಯ ಮೂಲೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾಲ್ಕು ದೇಶಗಳ ಜನರನ್ನು ಸಂಭಾಳಿಸುವ ಹೆಂಗಸು. ಕಂಪನಿ ಮಂಚ, ಕುರ್ಚಿ ಮಾರುತ್ತದೆ. ಕಾಲು ಮುರಿದ ಕುರ್ಚಿಯ ದೂರು ಕೇಳುವುದು ಅವಳ ತಂಡದ ಕೆಲಸ. ಒಬ್ಬನಿಗೆ ಬೆಳಗಾದರೆ ಇನ್ನೊಬ್ಬಳಿಗೆ ನಿದ್ದೆಯ ಹೊತ್ತು. ಒಬ್ಬಳಿಗೆ ತಪ್ಪನ್ನು ನೇರವಾಗಿ ಹೇಳದಿದ್ದರೆ ಸಿಟ್ಟು, ಇನ್ನೊಬ್ಬನಿಗೆ ಹೇಳಿದರೆ ಮೂರು ದಿನ ಮಾತಿಲ್ಲ. ಎಲ್ಲರ ಮನಸ್ಸು ಕಾಯ್ದು ಕಾಯ್ದು ಅವಳು ಹಳೇ ಚಪ್ಪಲಿಯ ಹಾಗೆ ಸವೆದಿದ್ದಳು.

ಇವತ್ತಿನ ಸರದಿ ಕೋಳಿಯಣ್ಣನದು. ಅವನನ್ನು ಕೆಲಸಕ್ಕೆ ಆರಿಸಿದವಳೂ ಅವಳೇ. ಅಂದು ಸಂದರ್ಶನದುದ್ದಕ್ಕೂ ಅವನ ಬೆನ್ನ ಹಿಂದೆ ಒಂದು ಕೋಳಿ ಬಿಟ್ಟೂಬಿಡದೆ ಕೂಗುತ್ತಿತ್ತು. "ಕ್ಷಮಿಸಿ, ಇದಕ್ಕೂ ಕೆಲಸ ಬೇಕಂತೆ" ಅಂದಿದ್ದ. ಅವಳು ನಕ್ಕು ಕೆಲಸ ಕೊಟ್ಟಳು, ಕೋಣೆಯಲ್ಲೇ ಕೂತು ಆ ಕೂಗು ಕೇಳಿದ ಅವಳ ಅತ್ತೆ ಕೋಳಿಯಣ್ಣ ಎಂದು ಹೆಸರು ಕೊಟ್ಟರು. ಅವನ ಕಡೆ ನೆಟ್‌ವರ್ಕ್ ಬಡಪಾಯಿ, ಕ್ಯಾಮೆರಾ ಹಾಕಿದರೆ ಮಾತೇ ನಿಂತುಹೋಗುತ್ತಿತ್ತು. ಹಾಗಾಗಿ ಆಮೇಲೆ ಇಷ್ಟು ವರ್ಷವೂ ಅವನು ಬರೀ ದನಿ. ಬೈಯಲು ಫೋನು ಮಾಡಿದ ಗಿರಾಕಿಯೂ ಕೊನೆಗೆ ಅವನ ಮನೆಯವರ ಯೋಗಕ್ಷೇಮ ಕೇಳಿ ಇಡುತ್ತಿದ್ದ.

ತಪ್ಪೇನೂ ಅವನದಲ್ಲ. ಎಲ್ಲೋ ಯಾವುದೋ ದೇಶದಲ್ಲಿ ಮಂಚಗಳು ಮಾರಾಟವಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. "ನಾಳೆ ಸಂಜೆ ಕ್ಯಾಮೆರಾ ಹಾಕಿಕೊಳ್ಳಿ" ಎಂದು ಅವಳು ಅವನಿಗೆ ಬರೆದಿದ್ದಳು. ಅವನ ಸಂಜೆ ಎಂದರೆ ಅವಳ ಬೆಳಿಗ್ಗೆ. ಕಾಫಿ ಕುಡಿದು ಲ್ಯಾಪ್‌ಟಾಪ್ ತೆರೆದಳು.

ಇವತ್ತು ಅವನ ನೆಟ್‌ವರ್ಕ್ ಕೈಕೊಡಲಿಲ್ಲ. ಪರದೆ ಬೆಳಗಿದಾಗ ಕಂಡದ್ದು ಒಂದು ತಲೆಯಲ್ಲ, ಮನೆತುಂಬ ಜನ. ಮುಂದೆ ಕುರ್ಚಿಯಲ್ಲಿ ಅವನ ತಾಯಿ, ಪಕ್ಕದಲ್ಲಿ ಹೆಂಡತಿ, ಹಿಂದೆ ತಂಗಿ, ಭಾವ, ಇನ್ನೂ ಯಾರ್ಯಾರೋ. ಎಲ್ಲರೂ ತಲೆ ಬಾಚಿ, ಇಸ್ತ್ರಿ ಬಟ್ಟೆ ತೊಟ್ಟು ಫೋಟೊಗೆ ಸಜ್ಜಾದವರಂತೆ ಕಾದಿದ್ದರು. ನಡುವೆ ಕೋಳಿಯಣ್ಣ, ಕತ್ತಿನವರೆಗೂ ಗುಂಡಿ ಹಾಕಿದ ಅಂಗಿಯಲ್ಲಿ.

"ಇವರನ್ನ ಸ್ವಲ್ಪ ಆಚೆ ಕಳಿಸ್ತೀರಾ? ನಿಮ್ಮೊಬ್ಬರ ಹತ್ರಾನೇ ಮಾತಾಡ್ಬೇಕು" ಎಂದಳು, ಇಬ್ಬರ ಮನೆಮಾತೂ ಅಲ್ಲದ ಆಫೀಸಿನ ಭಾಷೆಯಲ್ಲಿ.

ಅವನ ಮುಖದ ಮೇಲಿನ ನಗು ಅಲುಗಲಿಲ್ಲ. "ಬೇಡ ಮೇಡಂ. ಯಾಕೆ ಕರೆದ್ರಿ ಅಂತ ಗೊತ್ತು. ಹೋದ ವಾರ ಕೆಲಸ ಹೋಯ್ತಲ್ಲ, ನಮ್ಮ ತಂಡದ ಆ ಹುಡುಗಿಗೂ ಕ್ಯಾಮೆರಾ ಹಾಕು ಅಂದಿದ್ರಲ್ಲ. ಇವರಿಗೆ ಈ ಭಾಷೆ ಬರಲ್ಲ. ದೊಡ್ಡವರು ಮುಖ ತೋರಿಸ್ತಾರಂತೆ ಅಂತ ಅಮ್ಮ ಬೆಳಿಗ್ಗೆಯಿಂದ ಎಲ್ರನ್ನೂ ಕರೆದು ಕೂರಿಸಿದಾಳೆ. ನಾಳೆ ನಾನೇ ಹೇಳ್ಕೋತೀನಿ. ಇವತ್ತೊಂದಿನ ಇವರು ಹೀಗೇ ಇರ್ಲಿ. ನೀವು ನಗ್ತಾ ಹೇಳಿ, ಮೇಡಂ."

ಇಂಥ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಮೇಲಿನವರು ಆಗಿಂದಾಗಲೇ ಕೂತು ನೋಡುತ್ತಾರೆ. ಅತ್ತ ದರಿ, ಇತ್ತ ಪುಲಿ. ಅವಳು ಆ ತಾಯಿಯ ಮುಖ ನೋಡಿದಳು. ಆಮೇಲೆ ನಕ್ಕಳು.

"ನಿಮ್ಮ ಹುದ್ದೆಯನ್ನು ಈ ತಿಂಗಳ ಕೊನೆಗೆ ರದ್ದುಪಡಿಸಲಾಗಿದೆ" ಎಂದು ಮೇಲಿನವರು ಬರೆದುಕೊಟ್ಟಿದ್ದನ್ನು ಹಲ್ಲು ಕಿರಿದು ಓದಿದಳು. "ನಿಮ್ಮ ಸೇವೆಗೆ ಸಂಸ್ಥೆ ಋಣಿಯಾಗಿದೆ." ಅವನು ತಲೆಯಾಡಿಸಿ ಇನ್ನೂ ಜೋರಾಗಿ ನಕ್ಕ. ಹಿಂದಿನವರೂ ನಕ್ಕರು. ಕಣ್ಣು ತುಂಬಿಬರುವುದನ್ನು ತಡೆಯಲು ಅವಳು ಬಾಯಿಗೆ ಬಂದದ್ದನ್ನು ಕೇಳಿದಳು, "ಕೋಳಿ ಹೇಗಿದೆ?"

"ಅದು ಯಾವತ್ತೋ ಸತ್ತೋಯ್ತು ಮೇಡಂ."

ಈ ಸಲ ಇಬ್ಬರಿಗೂ ನಿಜವಾಗಿಯೇ ನಗು ಬಂತು, ತಡೆಯಲಾಗದಷ್ಟು.

ತಾಯಿ ಮುಂದೆ ಬಾಗಿ ಏನೋ ಕೇಳಿದಳು. "ನೀವು ಯಾಕಿಷ್ಟು ಸೊರಗಿದೀರಿ, ಹೊತ್ತೊತ್ತಿಗೆ ಊಟ ಮಾಡಲ್ವಾ ಅಂತಿದಾಳೆ" ಎಂದ ಅವನು. "ಮಾಡ್ತೀನಿ ಅಂತ ಹೇಳಿ" ಎಂದಳು. ಎಲ್ಲರೂ ಕೈ ಎತ್ತಿದರು. ಪರದೆ ಕಪ್ಪಾಯಿತು.

ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದ ಅತ್ತೆಗೂ ಆಫೀಸಿನ ಭಾಷೆ ಬರುವುದಿಲ್ಲ. "ಎಷ್ಟು ದಿನ ಆಗಿತ್ತಮ್ಮ ನೀನು ಹೀಗೆ ನಕ್ಕು! ಕೋಳಿಯಣ್ಣಂಗೆ ಬಡ್ತಿ ಸಿಕ್ತಾ?"

ಅಷ್ಟರಲ್ಲಿ ಮೇಲಿನವರ ಸಂದೇಶ ಬಂತು. ಕರೆ ನೋಡಿದೆವು. ಅವರೇ ಕೇಳಿಕೊಂಡಿದ್ದರೂ ಅಂಥ ಹೊತ್ತಿನಲ್ಲಿ ನಕ್ಕಿದ್ದು ಸರಿಯಲ್ಲ. ನಾಳೆ ಬೆಳಿಗ್ಗೆ ಮಾತಾಡೋಣ, ಕ್ಯಾಮೆರಾ ಹಾಕಿಕೊಳ್ಳಿ.

ಅವಳು ಅದನ್ನು ಎರಡು ಸಲ ಓದಿದಳು. ಹೆದರಿಕೆಯಾಯಿತು, ಈ ಮನೆ ನಡೆಯುವುದು ಅವಳ ಸಂಬಳದಿಂದ. ಎದ್ದುಹೋಗಿ ಅತ್ತೆಯ ಪಕ್ಕ ಕೂತು ಒಂದು ಟವೆಲ್ ಮಡಚಿದಳು.

"ಅತ್ತೆ, ನಾಳೆ ಬೆಳಿಗ್ಗೆ ನಿಮಗೇನಾದ್ರೂ ಕೆಲಸ ಇದ್ಯಾ?"

"ನಂಗೆಂಥ ಕೆಲಸ? ಯಾಕೆ?"

"ಚೆನ್ನಾಗಿ ತಲೆ ಬಾಚ್ಕೊಂಡು, ಮದುವೆಗೆ ಹಾಕಿದ್ರಲ್ಲ, ಆ ಬಟ್ಟೆ ಹಾಕ್ಕೊಂಡು ನನ್ನ ಪಕ್ಕ ಕೂತ್ಕೊಳ್ಳಿ. ನಮ್ಮ ದೊಡ್ಡವರು ಮುಖ ತೋರಿಸ್ತಾರಂತೆ."

"ಅಯ್ಯೋ, ಮೊದಲೇ ಹೇಳ್ಬಾರ್ದಾ!" ಎಂದು ಅತ್ತೆ ಮಡಚಿದ್ದನ್ನೆಲ್ಲ ಬದಿಗೆ ಸರಿಸಿ, ಆಗಲೇ ಬೀರು ತೆಗೆಯಲು ಎದ್ದರು.